ಟ್ಯಾಬಿನ ಕೀಲಿ ಮಾಸ್ತರ ಕೈಯಲ್ಲಿರಲಿ

ಹೈಸ್ಕೂಲಿನ ಪ್ರತಿ ಮಗುವಿಗೂ ಒಂದು ಟ್ಯಾಬ್ ಎಂಬ ಮಾತು ಬಂದ ಕೂಡಲೇ ಪಾಲಕರು ಕೇಳುವುದು ಎರಡು ಪ್ರಶ್ನೆ. ಬೆಲೆ ಎಷ್ಟು? ಮಕ್ಕಳು ಅದರಲ್ಲಿ ಗೇಮ್ ಆಡುತ್ತ ಕೂಡುವುದಿಲ್ಲವೇ? ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜದ ಮನೆಗಳಲ್ಲಿ ಈ ಎರಡೂ ಪ್ರಶ್ನೆ ಹುಟ್ಟುವುದು ಸಹಜ. 2020ರ ಮಾರ್ಚ್‌ನಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ಇದ್ದಬದ್ದ ದುಡ್ಡು ಒಟ್ಟುಗೂಡಿಸಿ ಮೊಬೈಲ್ ಕೊಂಡವರು ಇವರು. ಶಾಲೆ ಮತ್ತೆ ತೆರೆದ ಮೇಲೂ ಆ ಮೊಬೈಲ್ ಮಕ್ಕಳ ಕೈಯಿಂದ ಇಳಿಯದ್ದನ್ನು ಕಂಡವರು. ಆದರೆ ಈ ಎರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಟ್ಯಾಬ್ ಯಾರ ಸುಪರ್ದಿಗೆ ಸೇರಿದ್ದು?

ಮಹಾರಾಷ್ಟ್ರದಲ್ಲಿ ಟ್ಯಾಬ್ ಹಂಚುವುದು ಹೊಸದಲ್ಲ. ನಾಗಪುರದ ಮಹಾಜ್ಯೋತಿ ಸಂಸ್ಥೆ, ಹತ್ತನೆಯ ತರಗತಿ ಪಾಸಾಗಿ ನೀಟ್, ಜೆಇಇ, ಸಿಇಟಿ ತಯಾರಿಗೆ ನಿಂತ ಹಿಂದುಳಿದ ವರ್ಗಗಳ ಮಕ್ಕಳಿಗೆ ಉಚಿತ ಟ್ಯಾಬ್ ಜೊತೆಗೆ ದಿನಕ್ಕೆ 6 ಜಿಬಿ ಇಂಟರ್ನೆಟ್ ಕೊಡುವ ಯೋಜನೆ ನಡೆಸಿದೆ. ಅದು ಗುರಿ ಗೊತ್ತಿರುವ, ಸ್ವಲ್ಪ ದೊಡ್ಡವರಾದ ಮಕ್ಕಳಿಗೆ ಕೈಗೆ ಕೊಟ್ಟುಬಿಡುವ ಟ್ಯಾಬ್. ಎಂಟನೆಯ ತರಗತಿಯ ಹದಿಮೂರು ವರ್ಷದ ಹುಡುಗಿಗೆ ಬೇಕಾದದ್ದು ಬೇರೆ. ಅವಳ ಟ್ಯಾಬ್ ಶಾಲೆಯದಾಗಿರಬೇಕು. ಅದರಲ್ಲಿ ಏನಿರಬೇಕು, ಏನು ಇರಬಾರದು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ಅವಳಿಗೆ ಪಾಠ ಹೇಳುವವರೇ ಗೊತ್ತುಮಾಡಬೇಕು. ಶಾಲೆ ನಿರ್ವಹಿಸುವ ಟ್ಯಾಬ್ ಎನ್ನುವುದು ಇದಕ್ಕೆ.

ನಿರ್ವಹಣೆ ಹೇಗೆ ನಡೆಯುತ್ತದೆ ಎಂಬುದನ್ನು ಪಾಲಕರು ತಿಳಿದಿರುವುದು ಒಳ್ಳೆಯದು, ಏಕೆಂದರೆ ಮುಖ್ಯವಾದ ಕೆಲಸ ಕೊಳ್ಳುವ ದಿನವೇ ಆಗಿಹೋಗುತ್ತದೆ. ಆಂಡ್ರಾಯ್ಡ್ ಟ್ಯಾಬನ್ನು ಪೆಟ್ಟಿಗೆಯಿಂದ ತೆಗೆದು ಮೊದಲ ಸಲ ಆನ್ ಮಾಡಿದಾಗ ಸ್ವಾಗತದ ಪರದೆ ಬರುತ್ತದೆ. ಅಲ್ಲಿ ಒಂದೇ ಜಾಗದಲ್ಲಿ ಆರು ಸಲ ಒತ್ತಿದರೆ ಕ್ಯೂಆರ್ ಕೋಡ್ ಓದುವ ಕ್ಯಾಮೆರಾ ತೆರೆಯುತ್ತದೆ. ಶಾಲೆಯ ಕೋಡನ್ನು ಅದಕ್ಕೆ ತೋರಿಸಿದರೆ ಟ್ಯಾಬ್ ಶಾಲೆಯ ನಿರ್ವಹಣಾ ಸಾಫ್ಟ್‌ವೇರಿನ ಅಧೀನಕ್ಕೆ ಬರುತ್ತದೆ. ಆಮೇಲೆ ಶಾಲೆ ಒಪ್ಪಿದ ಆ್ಯಪ್‌ಗಳಷ್ಟೇ ಪರದೆಯ ಮೇಲೆ ಕಾಣುತ್ತವೆ. ಗಣಿತದ ಅವಧಿಯಲ್ಲಿ ಗಣಿತವೊಂದೇ ತೆರೆದಿರುವಂತೆ ಮಾಸ್ತರರು ತಮ್ಮ ಕಂಪ್ಯೂಟರಿನಿಂದ ಮಾಡಬಹುದು. ಕಳುವಾದರೆ ದೂರದಿಂದಲೇ ಬೀಗ ಹಾಕಬಹುದು, ಒಳಗಿನದನ್ನು ಅಳಿಸಬಹುದು. ಇಡೀ ತರಗತಿಗೆ ಹೊಸ ಪಾಠವನ್ನು ಒಂದೇ ಸಲಕ್ಕೆ ಕಳಿಸಬಹುದು.

ಆದರೆ ಕ್ಯೂಆರ್ ಕೋಡಿನಿಂದ ಸೇರಿಸಿದ ಟ್ಯಾಬನ್ನು ಯಾರಾದರೂ ಬದಿಯ ಗುಂಡಿಗಳನ್ನು ಒತ್ತಿಹಿಡಿದು ಪೂರ್ತಿ ಅಳಿಸಿದರೆ, ಅದು ಶಾಲೆಯ ಹಿಡಿತದಿಂದ ಜಾರಿಹೋಗುವ ಸಾಧ್ಯತೆ ಇದೆ. ಇದಕ್ಕೆ ಪರಿಹಾರವಿದೆ. ಮಾರುವ ಅಧಿಕೃತ ವ್ಯಾಪಾರಿಯೇ ಪ್ರತಿ ಟ್ಯಾಬಿನ ಸಂಖ್ಯೆಯನ್ನು ಮುಂಚಿತವಾಗಿ ಶಾಲೆಯ ಖಾತೆಗೆ ಸೇರಿಸಿಕೊಟ್ಟರೆ, ಎಷ್ಟು ಸಲ ಅಳಿಸಿದರೂ ಆನ್ ಆದ ಕೂಡಲೇ ಅದು ಶಾಲೆಯ ನಿಯಮಕ್ಕೇ ಮರಳುತ್ತದೆ. ಟೆಂಡರಿನಲ್ಲಿ ಈ ಒಂದು ಸಾಲು ಬರೆಯದೆ ಬಿಟ್ಟರೆ ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಅಮೆರಿಕದ ಲಾಸ್ ಏಂಜಲೀಸ್ ಶಾಲಾ ಆಡಳಿತ 2013ರಲ್ಲಿ ಐಪ್ಯಾಡ್ ಹಂಚಿದಾಗ, ರೂಸ್‌ವೆಲ್ಟ್ ಹೈಸ್ಕೂಲಿನ ಮಕ್ಕಳು ಶಾಲೆಯ ನಿಯಂತ್ರಣದ ಪ್ರೊಫೈಲನ್ನು ಅಳಿಸಿಹಾಕಿ ಕೆಲವೇ ದಿನಗಳಲ್ಲಿ ಫೇಸ್‌ಬುಕ್, ಯೂಟ್ಯೂಬ್ ತೆರೆದುಕೊಂಡರು. ನೂರು ಕೋಟಿ ಡಾಲರಿಗೂ ಮೀರಿದ ಆ ಯೋಜನೆ ಮರುವರ್ಷ ನಿಂತುಹೋಯಿತು. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಆ ವಯಸ್ಸಿಗೆ ಬೀಗ ಕಂಡರೆ ತೆರೆಯುವ ಆಸೆ ಇದ್ದೇ ಇರುತ್ತದೆ.

ನಮ್ಮ ದೇಶದ ಅನುಭವವೂ ಪಾಠ ಹೇಳುತ್ತದೆ. ಮುಂಬೈ ಮಹಾನಗರ ಪಾಲಿಕೆ 2015ರಲ್ಲಿ ತನ್ನ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ರಾಜ್ಯದ ಪಠ್ಯಪುಸ್ತಕ ಮಂಡಳ ಬಾಲಭಾರತಿಯ ಪಠ್ಯ ತುಂಬಿದ ಟ್ಯಾಬ್ ಕೊಟ್ಟಿತು. ಬೆನ್ನಿನ ಚೀಲದ ಭಾರ ಇಳಿಸುವುದು ಅದರ ಉದ್ದೇಶ. 2018ರ ಜೂನಿಗೆ ರಾಜ್ಯದ ಎಂಟನೆಯ ತರಗತಿಯ ಪಠ್ಯವೇ ಬದಲಾಯಿತು. ಅಂದರೆ ಒಮ್ಮೆ ತುಂಬಿ ಕೈತೊಳೆದುಕೊಂಡ ಪಾಠದ ಆಯುಸ್ಸು ಮೂರೇ ವರ್ಷ. ಹರಿಯಾಣ 2022ರ ಮೇ 5ರಂದು ರೋಹ್ತಕ್‌ನಲ್ಲಿ ಇ-ಅಧಿಗಮ ಯೋಜನೆ ಆರಂಭಿಸಿ ಸರಕಾರಿ ಶಾಲೆಗಳ ದೊಡ್ಡ ತರಗತಿಗಳಿಗೆ ಐದು ಲಕ್ಷದಷ್ಟು ಟ್ಯಾಬ್ ಕೊಡಹೊರಟಿತು. ದಿನಕ್ಕೆ 2 ಜಿಬಿ ಇಂಟರ್ನೆಟ್, ಒಳಗೆ ನಿಯಂತ್ರಣದ ಸಾಫ್ಟ್‌ವೇರ್, ಓದು ಮುಗಿದ ಮೇಲೆ ಟ್ಯಾಬ್ ವಾಪಸ್. ಗ್ರಂಥಾಲಯದ ಪುಸ್ತಕದ ಹಾಗೆ ಹಿಂತಿರುಗಬೇಕು ಎಂಬ ಆ ಕರಾರು ನನಗೆ ಸರಿ ಎನ್ನಿಸುತ್ತದೆ. ಆಂಧ್ರಪ್ರದೇಶ ಅದೇ ವರ್ಷ ಡಿಸೆಂಬರ್ 21ರಂದು ಎಂಟನೆಯ ತರಗತಿಯ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಬೈಜೂಸ್ ಕಂಪನಿಯ ಪಾಠ ತುಂಬಿದ ಟ್ಯಾಬ್ ವಿತರಣೆ ಆರಂಭಿಸಿತು. ಹತ್ತೊಂಬತ್ತು ತಿಂಗಳಲ್ಲಿ, 2024ರ ಜುಲೈನಲ್ಲಿ, ಅದೇ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು. ಪಾಠ ಕಂಪನಿಯದಾದರೆ ಕಂಪನಿಯ ಗತಿಯೇ ಪಾಠದ ಗತಿ. ಸಾರ್ವಜನಿಕ ಹಣದಿಂದ ತಯಾರಾದ ಪಠ್ಯ ಉಚಿತವಾಗಿ ಸಿಗುವಾಗ ಶಾಲೆಗಳು ಅದರ ಮೇಲೆಯೇ ನಿಲ್ಲುವುದು ಕ್ಷೇಮ.

ಟ್ಯಾಬ್ ಕೊಟ್ಟರೆ ಮಕ್ಕಳು ಚೆನ್ನಾಗಿ ಕಲಿಯುತ್ತಾರೆಯೇ? ಕೊಟ್ಟ ಮಾತ್ರಕ್ಕೆ ಇಲ್ಲ. ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಜಾಗತಿಕ ಯೋಜನೆ ಭಾರತದಲ್ಲಿ ಮೊದಲು ಕಾಲಿಟ್ಟದ್ದು 2007ರಲ್ಲಿ, ಇದೇ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಖೈರಾಟ್ ಎಂಬ ಹಳ್ಳಿಯ ಪುಟ್ಟ ಶಾಲೆಯಲ್ಲಿ. ಅದನ್ನು ಬಹುದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದ ಪೆರು ದೇಶದ 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನ 2012ರಲ್ಲಿ ಹೊರಬಂತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕಗಳು ಏರಿದ ಗುರುತು ಅದರಲ್ಲಿ ಸಿಗಲಿಲ್ಲ. ಯಂತ್ರ ಇತ್ತು, ಅದನ್ನು ಪಾಠಕ್ಕೆ ಕಟ್ಟುವ ಕೆಲಸ ಆಗಿರಲಿಲ್ಲ.

ಇದಕ್ಕೆ ಎದುರಾಗಿ ದೆಹಲಿಯ ಒಂದು ಪ್ರಯೋಗವಿದೆ. ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂದ್ರೊ ಗಾನಿಮಿಯನ್ ಎಂಬ ಅರ್ಥಶಾಸ್ತ್ರಜ್ಞರು ಮೈಂಡ್‌ಸ್ಪಾರ್ಕ್ ಎಂಬ ಸಾಫ್ಟ್‌ವೇರಿನ ಸಂಜೆ ಕೇಂದ್ರಗಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಒಂಬತ್ತನೆಯ ತರಗತಿಗೆ ಬರುವ ಹೊತ್ತಿಗೆ ಆ ಅಂತರ ನಾಲ್ಕೂವರೆ ತರಗತಿಯಷ್ಟಾಗಿತ್ತು. ಒಂದೇ ಬೆಂಚಿನ ಮೇಲೆ ಕುಳಿತವರ ನಡುವೆ ಐದಾರು ತರಗತಿಗಳ ಅಂತರ! ಕರಿಹಲಗೆಯ ಮುಂದೆ ನಿಂತ ಒಬ್ಬ ಶಿಕ್ಷಕಿ ಯಾರ ಮಟ್ಟಕ್ಕೆ ಪಾಠ ಹೇಳಬೇಕು? ಸಾಫ್ಟ್‌ವೇರ್ ಪ್ರತಿ ಮಗು ಎಲ್ಲಿದೆಯೋ ಅಲ್ಲಿಂದ ಲೆಕ್ಕ ಕೊಡುತ್ತ ಹೋಯಿತು. ನಾಲ್ಕೂವರೆ ತಿಂಗಳಲ್ಲಿ ಆ ಕೇಂದ್ರದ ಮಕ್ಕಳು ಗಣಿತದಲ್ಲೂ ಹಿಂದಿಯಲ್ಲೂ ಉಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಬಂದರು. ಒಂದೂವರೆ ತಾಸಿನ ಆ ತರಗತಿಯಲ್ಲಿ ಯಂತ್ರದ ಮುಂದೆ ಕೂಡುತ್ತಿದ್ದದ್ದು ಅರ್ಧ ಹೊತ್ತು. ಉಳಿದರ್ಧ ಒಬ್ಬ ಬೋಧಕರೊಂದಿಗೆ ಸಣ್ಣ ಗುಂಪಿನಲ್ಲಿ ಕಲಿಯುತ್ತಿದ್ದರು. ಈ ಅಧ್ಯಯನವನ್ನು ಉಲ್ಲೇಖಿಸುವ ಟ್ಯಾಬ್ ಮಾರಾಟಗಾರರು ಆ ಉಳಿದರ್ಧವನ್ನು ಹೇಳುವುದು ಅಪರೂಪ.

ಕೊಲ್ಲಾಪುರ ಜಿಲ್ಲೆಯ ತರಗತಿಗಳಲ್ಲಿ ಈ ಅಂತರದ ಒಳಗೆ ಇನ್ನೊಂದು ಅಂತರ ಅಡಗಿದೆ, ಭಾಷೆಯದು. ಹಿರಣ್ಯಕೇಶಿ ನದಿ ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುತ್ತದೆ. ಅದರ ದಂಡೆಯ ಮಾತು ರಾಜ್ಯದ ಗಡಿಯಲ್ಲಿ ನಿಂತುಬಿಡುವುದಿಲ್ಲ. ತಾಲೂಕಿನ ಗಡಿಯಂಚಿನ ಅನೇಕ ಮನೆಗಳಲ್ಲಿ ಅವ್ವ ಕೂಗಿ ಕರೆಯುವುದು ಕನ್ನಡದಲ್ಲಿ, ಹೈಸ್ಕೂಲಿನ ಗಂಟೆ ಹೊಡೆದ ಮೇಲೆ ಕಲಿಯುವುದು ಮರಾಠಿಯಲ್ಲಿ. 1904ರಲ್ಲಿ ಮೊದಲ ಪವರ್‌ಲೂಮ್ ಬಂದಾಗಿನಿಂದ ಬೆಳೆದ ಇಚಲಕರಂಜಿಯೊಳಗೆ ನೇಕಾರರು, ಕೂಲಿಗಳು ಹಲವು ದಿಕ್ಕಿನಿಂದ ಬಂದು ನೆಲೆಸಿದ್ದಾರೆ. ಅವರಲ್ಲಿ ಕನ್ನಡದವರೂ ಬಹಳ. ಕನ್ನಡ ಈ ಜಿಲ್ಲೆಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಕೊಲ್ಲಾಪುರದ ರಾಜಾರಾಮ್ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರಂಥ ವಿದ್ವಾಂಸರು ಕನ್ನಡ ಕಲಿಸಿದ್ದರು.

ಈ ಮಕ್ಕಳಿಗೆ ಟ್ಯಾಬ್ ಏನು ಮಾಡಬಲ್ಲದು ಎಂಬುದೇ ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಪುಣೆಯ ಬಾಲಭಾರತಿ 1967ರಲ್ಲಿ ಸ್ಥಾಪನೆಯಾದ ರಾಜ್ಯದ ಪಠ್ಯಪುಸ್ತಕ ಮಂಡಳ. ಅದು ಮರಾಠಿ, ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗು ಮತ್ತು ಕನ್ನಡ, ಹೀಗೆ ಎಂಟು ಭಾಷೆಗಳಲ್ಲಿ ಪುಸ್ತಕ ತರುತ್ತದೆ. ಗಣಿತ, ವಿಜ್ಞಾನದ ಪುಸ್ತಕಗಳು ಭಾಷೆ ಬದಲಾದರೂ ಒಂದೇ. ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ. ಅವುಗಳ ಪಿಡಿಎಫ್ ಉಚಿತ. ಕಾಗದದಲ್ಲಾದರೆ ಒಂದು ಶಾಲೆ ಮರಾಠಿ ಮಾಧ್ಯಮದ ಮಗುವಿಗೆ ಕನ್ನಡದ ಪುಸ್ತಕವನ್ನೂ ತರಿಸಿಕೊಡುವುದು ಯಾರ ಲೆಕ್ಕಪತ್ರದಲ್ಲೂ ಕೂಡುವುದಿಲ್ಲ. ಟ್ಯಾಬಿನಲ್ಲಾದರೆ ಎರಡೂ ಪಕ್ಕಪಕ್ಕದಲ್ಲಿರಬಹುದು. ವಿದ್ಯುತ್ ಮಂಡಲದ ಪಾಠ ಮರಾಠಿಯಲ್ಲಿ ತಲೆಗೆ ಹತ್ತದಿದ್ದರೆ ಅದೇ ಚಿತ್ರದ ಕೆಳಗೆ ಕನ್ನಡದ ವಿವರಣೆ ಓದಿ, ಮತ್ತೆ ಮರಾಠಿಗೆ ಬರಬಹುದು. ಪರೀಕ್ಷೆ ಮರಾಠಿಯಲ್ಲೇ ಬರೆಯಬೇಕು, ಬರೆಯಲಿ. ಅರ್ಥವಾದದ್ದನ್ನು ಬರೆಯುವುದಕ್ಕೂ ಬಾಯಿಪಾಠ ಮಾಡಿದ್ದನ್ನು ಬರೆಯುವುದಕ್ಕೂ ವ್ಯತ್ಯಾಸವಿದೆ.

ಇಲ್ಲಿ ಒಂದು ತೊಡಕಿದೆ, ಅದನ್ನು ಗಡಿಯ ಈಚೆಗಿನ ನಮ್ಮ ಅನೇಕ ಭಾಷಾಭಿಮಾನಿಗಳು ಗಮನಿಸುವುದಿಲ್ಲ. ಪ್ರಾಥಮಿಕ ಶಾಲೆಯನ್ನು ಕನ್ನಡದಲ್ಲಿ ಕಲಿತು ಹೈಸ್ಕೂಲಿಗೆ ಮರಾಠಿಗೆ ಬಂದ ಮಗುವಿಗೆ ಈ ಪಿಡಿಎಫ್ ಉಪಯೋಗಕ್ಕೆ ಬರುತ್ತದೆ. ಒಂದನೆಯ ತರಗತಿಯಿಂದಲೇ ಮರಾಠಿಯಲ್ಲಿ ಕಲಿತ, ಮನೆಯಲ್ಲಷ್ಟೇ ಕನ್ನಡ ಆಡುವ ಮಗುವಿಗೆ ಕನ್ನಡದ ಅಕ್ಷರವೇ ಗೊತ್ತಿಲ್ಲ. ಅದಕ್ಕೆ ಓದುವ ಕನ್ನಡ ಬೇಡ, ಕೇಳುವ ಕನ್ನಡ ಬೇಕು. ಅದೂ ಪುಸ್ತಕದ ಕನ್ನಡವಲ್ಲ, ಗಡಹಿಂಗ್ಲಜದ ಕಡೆ ಆಡುವ, ಮರಾಠಿ ಬೆರೆತ ಕನ್ನಡ. ಇದನ್ನು ಯಾವ ಕಂಪನಿಯೂ ತಯಾರಿಸಿ ಮಾರುವುದಿಲ್ಲ. ಆದರೆ ಪ್ರತಿ ಟ್ಯಾಬಿನಲ್ಲೂ ಧ್ವನಿ ಮುದ್ರಿಸುವ ಸೌಲಭ್ಯವಿದೆ. ಹತ್ತನೆಯ ತರಗತಿಯ ಹುಡುಗನೊಬ್ಬ ತಾನು ಎರಡು ವರ್ಷದ ಹಿಂದೆ ಕಲಿತ ಪಾಠವನ್ನು ಐದು ನಿಮಿಷದಲ್ಲಿ ತನ್ನ ಮಾತಿನಲ್ಲಿ ಹೇಳಿದರೆ, ವಿಜ್ಞಾನದ ಶಿಕ್ಷಕರು ಅದನ್ನು ಕೇಳಿ ತಪ್ಪಿದ್ದರೆ ತಿದ್ದಿಸಿ, ಎಂಟನೆಯ ತರಗತಿಯ ಎಲ್ಲ ಟ್ಯಾಬಿಗೂ ಕಳಿಸಬಹುದು. ಹೇಳಿದವನಿಗೂ ಪಾಠ ಗಟ್ಟಿಯಾಗುತ್ತದೆ. ವರ್ಷಕ್ಕೆ ಒಂದು ವಿಷಯ ಮುಗಿಸಿದರೂ ನಾಲ್ಕೈದು ವರ್ಷದಲ್ಲಿ ಆ ಶಾಲೆಯ ಬಳಿ ಬೇರೆಲ್ಲೂ ಸಿಗದ ಸಂಗ್ರಹವಿರುತ್ತದೆ.

ಇದು ಬರೀ ಕಲ್ಪನೆಯಲ್ಲ, ದಾರಿ ತೋರಿಸಿದವರಿದ್ದಾರೆ. ಸೊಲ್ಲಾಪುರ ಜಿಲ್ಲೆಯ ಪರಿತೆವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಂಜಿತ್‌ಸಿಂಹ ಡಿಸಳೆ ಅವರಿಗೆ 2020ರ ಡಿಸೆಂಬರ್‌ನಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. ಅರ್ಧ ಹಣವನ್ನು ಅವರು ಅಂತಿಮ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದ್ದು ಎಲ್ಲರಿಗೂ ಗೊತ್ತು. ಪ್ರಶಸ್ತಿ ಕೊಟ್ಟವರು ಹೇಳಿದ ಕಾರಣ ನಮ್ಮಲ್ಲಿ ಅಷ್ಟು ಚರ್ಚೆಯಾಗಲಿಲ್ಲ. ಮಕ್ಕಳ ಮನೆಮಾತು ಕನ್ನಡ, ಪಠ್ಯ ಆ ಭಾಷೆಯಲ್ಲಿರಲಿಲ್ಲ, ಡಿಸಳೆ ಕನ್ನಡ ಕಲಿತು ಪಾಠಗಳನ್ನು ಅನುವಾದಿಸಿ, ಧ್ವನಿ ಮತ್ತು ವಿಡಿಯೊಗಳಿಗೆ ಒಯ್ಯುವ ಕ್ಯೂಆರ್ ಕೋಡುಗಳನ್ನು ಪುಸ್ತಕಕ್ಕೆ ಸೇರಿಸಿದರು ಎಂದು ಪ್ರಶಸ್ತಿಯ ಟಿಪ್ಪಣಿ ಹೇಳುತ್ತದೆ. ಪಠ್ಯಪುಸ್ತಕದೊಳಗೆ ಕ್ಯೂಆರ್ ಕೋಡ್ ಬರುವುದು ಆಮೇಲೆ ಮಹಾರಾಷ್ಟ್ರದಾದ್ಯಂತ, ನಂತರ ದೇಶದಾದ್ಯಂತ ರೂಢಿಯಾಯಿತು. ಕೋಡ್ ಅಚ್ಚಾಗಿದ್ದರೂ ಅದನ್ನು ಓದುವ ಸಾಧನ ಇಲ್ಲದ ಮಗುವಿಗೆ ಅದು ಕರಿ ಚುಕ್ಕೆಗಳ ಒಂದು ಚೌಕವಷ್ಟೇ. ಶಾಲೆಯ ಟ್ಯಾಬ್ ಆ ಕೊರತೆಯನ್ನು ತುಂಬಬಲ್ಲದು.

ಇನ್ನು ಮನೆಗೆ ಒಯ್ಯುವ ವಿಚಾರ. ಮಗ್ಗದ ಸದ್ದಿನ ಪಕ್ಕದ ಒಂದೇ ಕೋಣೆಯ ಮನೆಯಲ್ಲಿ, ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಮಲಗಿರುವಾಗ, ಟ್ಯಾಬಿನಲ್ಲಿ ಪಾಠ ಕೇಳು ಎಂದು ಮಗುವಿಗೆ ಹೇಳುವುದು ಸುಲಭ, ಕೇಳುವುದು ಕಷ್ಟ. ಮೊದಲ ವರ್ಷ ಟ್ಯಾಬ್ ಶಾಲೆಯಲ್ಲೇ ಉಳಿಯಲಿ, ಶಾಲೆ ಬಿಟ್ಟ ಮೇಲೆ ಒಂದು ತಾಸು ಒಂದು ಕೋಣೆ ತೆರೆದಿರಲಿ ಎಂಬುದು ನನ್ನ ಅಭಿಪ್ರಾಯ. ಅಲ್ಲೇ ಚಾರ್ಜಿಂಗ್ ಕೂಡ. ಅರವತ್ತು ಟ್ಯಾಬ್‌ಗಳನ್ನು ಒಟ್ಟಿಗೆ ಚಾರ್ಜಿಗೆ ಹಾಕಿದರೂ ತಲಾ 15 ವ್ಯಾಟ್‌ನಂತೆ 900 ವ್ಯಾಟ್, ಒಂದು ಇಸ್ತ್ರಿಪೆಟ್ಟಿಗೆಯಷ್ಟು. ವಿದ್ಯುತ್ತಿನ ಹೊರೆ ದೊಡ್ಡದಲ್ಲ. ಇಂಟರ್ನೆಟ್ಟಿನದು ದೊಡ್ಡದು. ಒಂದು ಜಿಬಿಯ ವಿಡಿಯೊವನ್ನು ಅರವತ್ತು ಟ್ಯಾಬ್‌ಗಳು ಪ್ರತ್ಯೇಕವಾಗಿ ಇಳಿಸಿಕೊಂಡರೆ 60 ಜಿಬಿ, ಬೆಳಗಿನ ಅವಧಿ ಅದರಲ್ಲೇ ಹೋಗುತ್ತದೆ. ಶಾಲೆಯಲ್ಲೇ ಒಂದು ಸಣ್ಣ ಸರ್ವರ್ ಇಟ್ಟು, ರಾತ್ರಿ ಒಮ್ಮೆ ಇಳಿಸಿ, ಹಗಲು ಒಳಗಿನ ವೈಫೈಯಿಂದ ಹಂಚಿದರೆ ಹೊರಗಿನ ಸಂಪರ್ಕ ಕಡಿದರೂ ಪಾಠ ನಿಲ್ಲದು. ಕೊಲಿಬ್ರಿಯಂಥ ಉಚಿತ ಸಾಫ್ಟ್‌ವೇರ್ ಇದಕ್ಕೆಂದೇ ಇದೆ.

ಆ ಸರ್ವರೂ ಟ್ಯಾಬಿನ ಕಪಾಟೂ ನೆಲಮಹಡಿಯಲ್ಲಿ ಇರಕೂಡದು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಪಂಚಗಂಗೆ ಉಕ್ಕಿ ಬಂದಾಗ ಕೊಲ್ಲಾಪುರ ಜಿಲ್ಲೆಯ ಊರೂರು ನೀರೊಳಗೆ ನಿಂತಿದ್ದವು. ನೆನೆದ ಪುಸ್ತಕವನ್ನು ಬಿಸಿಲಿಗೆ ಹರವಬಹುದು, ಟ್ಯಾಬಿಗೆ ಆ ಉಪಾಯವಿಲ್ಲ.

ಹಣದ ಲೆಕ್ಕಕ್ಕೆ ಬಂದರೆ, ಹನ್ನೆರಡು ಸಾವಿರದ ಟ್ಯಾಬ್ ಎಂದಿಟ್ಟುಕೊಳ್ಳಿ. ಅರವತ್ತು ಮಕ್ಕಳ ಒಂದು ತರಗತಿಗೆ 7.20 ಲಕ್ಷ ರೂಪಾಯಿ. ನಾಲ್ಕು ವರ್ಷ ಬಾಳಿದರೆ ಮಗುವಿಗೆ ವರ್ಷಕ್ಕೆ 3,000. ಇದರ ಮೇಲೆ ನಿರ್ವಹಣಾ ಸಾಫ್ಟ್‌ವೇರಿನ ವಾರ್ಷಿಕ ಶುಲ್ಕ, ಗಟ್ಟಿ ಕವಚ, ಒಡೆದ ಗಾಜು, ಹೆಚ್ಚುವರಿ ನಾಲ್ಕಾರು ಟ್ಯಾಬ್. ಒಡೆದ ಗಾಜಿನ ಹಣವನ್ನು ಪಾಲಕರ ತಲೆಗೆ ಕಟ್ಟುವ ಶಾಲೆಯಲ್ಲಿ ಬಡವರ ಮಕ್ಕಳು ಟ್ಯಾಬ್ ಮುಟ್ಟಲೇ ಹೆದರುತ್ತಾರೆ. ಹಾಗಾಗಿ ರಿಪೇರಿಯ ಹಣ ಕೊಳ್ಳುವ ದಿನವೇ ತೆಗೆದಿಟ್ಟಿರಬೇಕು. ಪರದೆಯ ಅಳತೆಯನ್ನೂ ನೋಡಿ: ಬಾಲಭಾರತಿಯ ಪುಟ ದೊಡ್ಡದು, ಎಂಟು ಇಂಚಿನ ಪರದೆಯಲ್ಲಿ ಮಗು ಓದುವುದಕ್ಕಿಂತ ಬೆರಳಿನಿಂದ ಹಿಗ್ಗಿಸುವುದರಲ್ಲೇ ಸುಸ್ತಾಗುತ್ತದೆ. ಹತ್ತು ಇಂಚು ಇದ್ದರೆ ವಾಸಿ.

ಶಾಲೆಯ ಕೈಗೆ ಕೀಲಿ ಕೊಡುವಾಗ ಆ ಕೀಲಿಗೂ ಮಿತಿ ಇರಬೇಕು. ನಿರ್ವಹಣಾ ಸಾಫ್ಟ್‌ವೇರಿಗೆ ಮಗು ಎಲ್ಲಿದೆ, ಏನು ನೋಡಿತು ಎಂಬುದನ್ನು ಗಮನಿಸುವ ಶಕ್ತಿಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿ ಬಂದರೆ ಅದು ಒಪ್ಪಿಗೆಯಲ್ಲ, ಬರೀ ಸಹಿ. ಮರಾಠಿಯಲ್ಲೂ ಕನ್ನಡದಲ್ಲೂ ಓದಿ ಹೇಳಬೇಕು. ಶಾಲೆ ಬಿಟ್ಟ ಮೇಲೆ ಮಗುವಿನ ಜಾಡು ಹಿಡಿಯುವ ಸೌಲಭ್ಯ ಬಂದ್ ಆಗಿರಬೇಕು.

ಇಷ್ಟೆಲ್ಲವನ್ನೂ ಯಾರು ಮಾಡಬೇಕು? ಶಿಕ್ಷಕರೇ. ಅವರಿಗೆ ಈಗಾಗಲೇ ಇರುವ ಕೆಲಸದ ಮೇಲೆ ಇದನ್ನು ಹೇರಿದರೆ ಟ್ಯಾಬ್ ಕಪಾಟು ಸೇರುತ್ತದೆ. ಸಾಧನದ ಜೊತೆಗೆ ಏರ್ಪಾಟೂ ಬೇಕು ಎಂಬ ಮಾತನ್ನು ಕೊಲ್ಲಾಪುರದ ನೆಲಕ್ಕೆ ಬಿಡಿಸಿ ಹೇಳಬೇಕಿಲ್ಲ. ಕೊಲ್ಲಾಪುರ ಸಂಸ್ಥಾನದ ದೊರೆ ಶಾಹು ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದರು. ಅದಕ್ಕೂ ಮುಂಚೆ, 1901ರಿಂದಲೇ, ಕೊಲ್ಲಾಪುರದಲ್ಲಿ ಒಂದೊಂದೇ ಸಮುದಾಯದ ಮಕ್ಕಳಿಗೆ ವಸತಿಗೃಹಗಳು ಎದ್ದಿದ್ದವು. ಮರಾಠಾ, ಜೈನ, ಲಿಂಗಾಯತ, ಮುಸ್ಲಿಂ, ದಲಿತ ಮಕ್ಕಳಿಗೆ ಉಣ್ಣಲು ಇರಲು ಜಾಗ ಮಾಡಿಕೊಟ್ಟರೇ ಹೊರತು ಓದಿ ಎಂದು ಹೇಳಿ ಸುಮ್ಮನಾಗಲಿಲ್ಲ. ಇಚಲಕರಂಜಿಗೆ ಹತ್ತಿರದ ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದಾಗಲೂ ದುಡಿಯುತ್ತ ಕಲಿಯುವ ಏರ್ಪಾಟನ್ನು ಜೊತೆಗೇ ಕಟ್ಟಿದರು. ಟ್ಯಾಬಿನ ಸುತ್ತಲಿನ ಏರ್ಪಾಟು ಎಂದರೆ ಇಂದು ವಾರಕ್ಕೆ ನಾಲ್ಕು ಅವಧಿ ಬಿಡುವು ಪಡೆದ ಒಬ್ಬ ಶಿಕ್ಷಕ, ತಾಲೂಕಿಗೊಬ್ಬ ತಂತ್ರಜ್ಞ, ರಿಪೇರಿಯ ನಿಧಿ.

ಗಡಿಯ ಈಚೆಗೂ ಇದೇ ಮಾತು ಸಲ್ಲುತ್ತದೆ. ನಿಪ್ಪಾಣಿ, ಬೆಳಗಾವಿ, ಖಾನಾಪುರದ ಕಡೆ ಮನೆಯಲ್ಲಿ ಮರಾಠಿ ಆಡಿ ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳಿದ್ದಾರೆ. ಕರ್ನಾಟಕ ಪಠ್ಯಪುಸ್ತಕ ಸಂಘವೂ ಮರಾಠಿಯಲ್ಲಿ ಪುಸ್ತಕ ತರುತ್ತದೆ. ಗಡಹಿಂಗ್ಲಜದ ಮಗುವಿಗೆ ಕನ್ನಡ ಬೇಕೆಂದು ಕೇಳುವ ನಾವು ನಿಪ್ಪಾಣಿಯ ಮಗುವಿಗೆ ಮರಾಠಿ ಕೊಡದಿದ್ದರೆ ಕೇಳುವ ಹಕ್ಕು ಉಳಿಯುವುದಿಲ್ಲ. ನಿಪ್ಪಾಣಿಯ ಒಂದು ಹೈಸ್ಕೂಲು, ಗಡಹಿಂಗ್ಲಜದ ಒಂದು ಹೈಸ್ಕೂಲು ಕೈಜೋಡಿಸಿ, ಗಡಹಿಂಗ್ಲಜದ ಮಕ್ಕಳು ಮರಾಠಿಯಲ್ಲಿ, ನಿಪ್ಪಾಣಿಯ ಮಕ್ಕಳು ಕನ್ನಡದಲ್ಲಿ ಹೇಳಿದ ಪಾಠಗಳನ್ನು ವಿನಿಮಯ ಮಾಡಿಕೊಳ್ಳಲು ಎರಡು ಸರಕಾರಗಳ ಒಪ್ಪಂದವೇನೂ ಬೇಡ.

ಆರಂಭಕ್ಕೆ ಎಂಟನೆಯ ತರಗತಿಯ ವಿಜ್ಞಾನ ಸಾಕು. ಟ್ಯಾಬ್ ಬರುವ ತನಕ ಕಾಯುವುದೂ ಬೇಡ. ಬಾಲಭಾರತಿಯ ಕನ್ನಡ ಪುಸ್ತಕವನ್ನು ಇಂದೇ ಶಾಲೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು, ಮೊದಲ ಪಾಠದ ಧ್ವನಿಯನ್ನು ಮಾಸ್ತರರ ಮೊಬೈಲಿನಲ್ಲೇ ಮುದ್ರಿಸಬಹುದು. ತರಗತಿಯಲ್ಲಿ ಯಾವ ಮಗು ಮನೆಯಲ್ಲಿ ಯಾವ ಭಾಷೆ ಆಡುತ್ತದೆ ಎಂದು ಹಾಜರಿ ಪುಸ್ತಕದಲ್ಲಿ ಒಂದು ಕಾಲಂ ಎಳೆದು ಬರೆದಿಟ್ಟುಕೊಂಡರೆ, ಟೆಂಡರು ಕರೆಯುವ ದಿನ ಆ ಶಾಲೆಗೆ ತನಗೆ ಬೇಕಾದದ್ದೇನು ಎಂಬುದು ಗೊತ್ತಿರುತ್ತದೆ.